ಚೆಲುವ ಕಾದ ಬಾಗಿಲು

ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಬೀದಿಯವರು ಇವತ್ತಿಗೂ ನನ್ನ ಮೇಲೆ ಮುನಿಸಿಕೊಳ್ತಾರೆ. ಅಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ, ಅವಳಿಗೆ ಚೆಲುವ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬರೋ ದಾರೀಲಿ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಗುಣ, ಅದೇ ಅವಳ ಗೋಳು.

"ನಾನು ಕಣ್ಣು ಮುಚ್ಚಿದ್ರೆ ನಿನ್ನ ಯಾರ್ಲಾ ನೋಡ್ಕೋತಾರೆ?" ಅಂತ ಅವಳು ಕೇಳಿದರೆ, "ಮುಚ್ಬೇಡ ಕಣವ್ವ" ಅನ್ನೋನು.

ತಾಯಿ ಮಗ ಇಬ್ಬರೂ ಬೀದಿ ಬೆಕ್ಕುಗಳ ಆಶ್ರಯದಲ್ಲಿ ಕೆಲಸಕ್ಕಿದ್ದರು. ಹಿತ್ತಿಲ ಕೋಣೆಯಲ್ಲೇ ವಾಸ, ಬೇರೆ ನೆಲೆ ಇರಲಿಲ್ಲ. ಆ ಕಟ್ಟಡ ಮೊದಲು ಹೆರಿಗೆ ಆಸ್ಪತ್ರೆ. ಹೆತ್ತು ಸತ್ತ ಬಾಣಂತಿಯೊಬ್ಬಳು ಮಗು ಹುಡುಕಿಕೊಂಡು ಬರ್ತಾಳೆ, ನಮ್ಮವರ ದನಿಯಲ್ಲೇ ಬಾಗಿಲಲ್ಲಿ ನಿಂತು ಕರೀತಾಳೆ ಅಂತ ಬೀದಿಯವರ ನಂಬಿಕೆ. ಅದಕ್ಕೇ ಮನೆಮನೆ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿತ್ತು. ಬಂದವಳು ಓದ್ತಾಳೆ, ನಾಳೆ ಬರೋಣ ಅಂತ ಹೋಗ್ತಾಳೆ, ನಾಳೆ ಬಂದರೂ ಅದೇ ಬರಹ. ಕಟ್ಟಡದ ಒಳಗೆ ಬೆಕ್ಕಿನ ಮರಿಗಳು ಎಳೆಮಕ್ಕಳ ಹಾಗೆ ಅಳೋವು. ಹೊರಗೆ ಹೋಗೋರು ಹೆಜ್ಜೆ ಬಿರುಸು ಮಾಡೋರು.

ಒಂದು ದಿನ ಯಾರೋ ಬುಟ್ಟಿ ತುಂಬ ಮರಿ ತಂದು ಗೇಟಿನ ಹತ್ತಿರ ಬಿಟ್ಟುಹೋದರು. ಕಿವಿ ಮೇಲೆ, ಮೂತಿ ಮೇಲೆ ದುಂಡಗೆ ಕೂದಲು ಉದುರಿತ್ತು. ಬೆಕ್ಕುಗಳಿಗೆ ಔಷಧಿ ಕೊಡೋ ಡಾಕ್ಟರಮ್ಮ ಬಂದು ನೋಡಿದರು.

"ಹುಳುಕಡ್ಡಿ. ಮುಟ್ಟಿದ್ರೆ ಅಂಟುತ್ತೆ, ಉದುರಿದ ಕೂದಲಿಂದಲೂ ಅಂಟುತ್ತೆ. ಇವನ್ನ ಬೇರೆ ಕೋಣೇಲಿಡಿ. ಎಲ್ಲಕ್ಕೂ ಹಬ್ಬಿದ್ರೆ ಆಶ್ರಯಾನೇ ಮುಚ್ಚಿಬಿಡ್ತಾರೆ ಚಿಕ್ಕತಾಯಮ್ಮ!"

ಚಿಕ್ಕತಾಯಮ್ಮ ನಿಂತಲ್ಲಿಂದಲೇ ಮಗನನ್ನ ಕರೆದಳು. "ರೋಗದ ಮರಿ ಮುಟ್ಟಿದ ಕೈಯಲ್ಲಿ ಬೇರೆ ಮರಿ ಮುಟ್ಬೇಡ ಕಣ್ಲಾ!"

"ಹೂಂ ಕಣವ್ವ!"

ಸ್ವಲ್ಪ ಹೊತ್ತಿಗೆ ಕೋಣೆಗಳ ನಡುವಿನ ಓಣಿಯ ಮಬ್ಬಿನಲ್ಲಿ ಏನೋ ಬಂತು. ನೋಡ್ತಾಳೆ, ಚೆಲುವ! ಎರಡೂ ಕೈ ಬೆನ್ನ ಹಿಂದೆ. ಚೆನ್ನಾಗಿದ್ದ ಮರಿಯೊಂದರ ಕತ್ತಿನ ತೊಗಲನ್ನ ತಾಯಿಬೆಕ್ಕಿನ ಹಾಗೆ ಹಲ್ಲಲ್ಲಿ ಕಚ್ಚಿಕೊಂಡು ಸದ್ದಿಲ್ಲದೆ ನಡೆದು ಬರ್ತಿದ್ದಾನೆ. ಮರಿ ಉಸಿರೆತ್ತದೆ ನೇತಾಡ್ತಿದೆ.

"ಅಯ್ಯೋ ಉಗಿಯೋ!"

ಮರಿಯನ್ನ ಮೆಲ್ಲಗೆ ಇಳಿಸಿ ಅಂದ, "ಕೈಯಲ್ಲಿ ಮುಟ್ಟಿಲ್ಲ ಕಣವ್ವ."

"ಪೆದ್ದು ಮುಂಡೇದೆ! ಸೋಪು ಹಾಕಿ ಕೈ ತೊಳಿ. ಮೊದ್ಲು ಚೆನ್ನಾಗಿರೋರಿಗೆ ಊಟ ಹಾಕು, ರೋಗದವರಿಗೆ ಕೊನೇಲಿ ಹಾಕು. ಕೂದಲು ಉದುರಿದ್ದು ಕಂಡ್ರೆ ಡಾಕ್ಟರಮ್ಮ ಕೊಟ್ಟ ಗಂಧಕದ ನೀರು ಹುಯ್ಯಿ!"

"ಹೂಂ ಕಣವ್ವ!"

ಮಾರನೆ ದಿನ ಆಶ್ರಯದ ಅಧ್ಯಕ್ಷರು ನಾಲ್ಕು ಜನರನ್ನ ಕರೆದುಕೊಂಡು ಬಂದರು. ಚೆಲುವ ಟೀ ಹಿಡಿದುಕೊಂಡು ಒಬ್ಬೊಬ್ಬರ ತಲೆಯನ್ನೂ ಬಗ್ಗಿ ಬಗ್ಗಿ ನೋಡಿದ. ಎಲ್ಲರಿಗೂ ಕೊಟ್ಟ, ಅಧ್ಯಕ್ಷರಿಗೆ ಕೊಡಲಿಲ್ಲ. ಪಾಪ, ಅವರ ನಡುನೆತ್ತಿ ಬೋಳು, ತಟ್ಟೆಯಷ್ಟು ದುಂಡಗೆ! ಚೆಲುವ ಒಳಗೆ ಹೋದ. ಗಂಧಕದ ನೀರಿನ ಬಕೆಟ್ ತಂದ. ಹಿಂದಿನಿಂದ ಸುರಿದ. ಕೊಳೆತ ಮೊಟ್ಟೆಯ ನಾತ ಬೀದಿ ತುದಿಗೆ ಹೋಯ್ತು.

"ಇನ್ನೊಂದು ತಪ್ಪಾಗ್ಲಿ, ತಾಯಿ ಮಗ ಇಬ್ರೂ ಬೀದಿಗೆ!" ಅಂತ ಅಧ್ಯಕ್ಷರು ಹಳದಿ ನೀರು ಸುರಿಸಿಕೊಂಡು ಹೋದರು.

ಚಿಕ್ಕತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಳ್ತಾ ತಿರುಗಿ ನೋಡಿದರೆ ರೋಗದ ಕೋಣೆಯ ಬಾಗಿಲು ಅರ್ಧ ತೆರೆದಿದೆ!

"ಯಾಕ್ಲಾ ತೆಗೆದೆ?"

"ಒಳಗಿಂದ ಕೂಗಿದ್ವು ಕಣವ್ವ."

"ಕೂಗ್ಲಿ! ಬೀಗ ಜಡಿ! ಒಳಗಿಂದ ಯಾರು ಕೂಗಿದ್ರೂ ತೆಗೀಬೇಡ. ನನ್ನ ದನೀಲೇ ಕೂಗಿದ್ರೂ ತೆಗೀಬೇಡ!" ಅಷ್ಟಕ್ಕೂ ಸಮಾಧಾನವಾಗದೆ, ದೆವ್ವ ತಡೆಯೋ ಬರಹ ರೋಗ ತಡೆಯದೇ ಅಂತ ಸೀಮೆಸುಣ್ಣ ತಂದು ಆ ಬಾಗಿಲ ಮೇಲೂ "ನಾಳೆ ಬಾ" ಅಂತ ಬರೆದಳು.

ಚೆಲುವ ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಹೂಂ ಕಣವ್ವ!"

ಆಮೇಲೆ ಡಾಕ್ಟರಮ್ಮ ಒಂದು ನೇರಳೆ ದೀಪ ತಂದುಕೊಟ್ಟರು. "ಕಿಟಕಿ ಮುಚ್ಚಿ ಕತ್ತಲೆ ಮಾಡಿ ಇದನ್ನ ಹಿಡಿಯಪ್ಪ. ಕೂದಲು ಹಸಿರಾಗಿ ಹೊಳೆದ್ರೆ ಹುಳುಕಡ್ಡಿ ಇರಬಹುದು. ಹೊಳೆದದ್ದನ್ನ ಆ ಕೋಣೆಗೆ ಹಾಕು. ನಾಳೆ ಬಂದು ನೋಡ್ತೀನಿ" ಅಂತ ಹೇಳಿ ಹೋದರು.

ನಡು ಮಧ್ಯಾಹ್ನ. ಹಿಂದೆ ಹೆರಿಗೆ ಮಾಡಿಸುತ್ತಿದ್ದ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿದರು. ಚಿಕ್ಕತಾಯಮ್ಮ ಒಂದೊಂದೇ ಬೆಕ್ಕು ಹಿಡಿದಳು, ಚೆಲುವ ದೀಪ ಹಿಡಿದ. ಒಂದೂ ಹೊಳೆಯಲಿಲ್ಲ. ಕೊನೇ ಬೆಕ್ಕೂ ಹೊಳೆಯಲಿಲ್ಲ! "ಬದುಕಿದೆ ಕಣಪ್ಪ" ಅಂತ ಅವಳು ಉಸಿರು ಬಿಟ್ಟಳು. ದನಿ ಬಂದ ಕಡೆಗೆ ಚೆಲುವ ದೀಪ ತಿರುಗಿಸಿದ.

ಬೆಳಗಿನಿಂದ ರೋಗದ ಮರಿಗಳನ್ನ ಎತ್ತಿ ಔಷಧಿ ಹಚ್ಚಿದವಳು ಅವಳೇ. ಕೈಯೇನೋ ತೊಳೆದಿದ್ದಳು, ಉದುರಿದ ಕೂದಲು ಮಾತ್ರ ತೋಳಿಗೆ, ಕತ್ತಿಗೆ, ಸೆರಗಿಗೆಲ್ಲ ಅಂಟಿತ್ತು. ಕತ್ತಲಲ್ಲಿ ತಾಯಿ ಕಾಣಲಿಲ್ಲ. ತಾಯಿಯ ಆಕಾರದಲ್ಲಿ ಹಸಿರು ಎಳೆಗಳು ನಿಂತು ಉಸಿರಾಡ್ತಿದ್ದವು.

ಚೆಲುವ ಅದನ್ನ ಬಾಚಿ ತಬ್ಬಿ ಎತ್ತಿಕೊಂಡು ಹೋಗಿ ರೋಗದ ಕೋಣೆಗೆ ಹಾಕಿ ಬೀಗ ಜಡಿದ.

"ತೆಗಿಯೋ! ನಾನು ಕಣ್ಲಾ, ನಿನ್ನವ್ವ!"

"ಅವ್ವನ ದನೀಲೇ ಕೂಗಿದ್ರೂ ತೆಗೀಬೇಡ ಅಂತ ಅವ್ವ ಹೇಳವ್ಳೆ!"

ಬೈದಳು. ಬೇಡಿದಳು. ಬಾಗಿಲು ಗುದ್ದಿದಳು. ಆಮೇಲೆ ಹೊರಗೆ ಅವನ ಹೆಜ್ಜೆ ದೂರವಾಯ್ತು. ಕೋಣೆಯಿಂದ ಕೋಣೆಗೆ ಹೋಗ್ತಾ ಅವನು ಕರೀತಿದ್ದ, "ಅವ್ವಾ! ಎಲ್ಲಿದ್ದೀ ಅವ್ವಾ!"

"ಇಲ್ಲೇ ಇದ್ದೀನಿ ಕಣೋ ಮಗಾ!"

ಅವನು ಓಡಿ ಬಂದು ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದ. "ಸುಮ್ನಿರು! ನನ್ನವ್ವನ ದನಿ ಎಲ್ಲಿ ಕದ್ದೆ ನೀನು?" ಮತ್ತೆ ಅಳ್ತಾ ಹೋದ, ಮತ್ತೆ ಕರೆದ.

ಚಿಕ್ಕತಾಯಮ್ಮ ಕುಸಿದು ಕೂತಳು. ಬೋಳು ಮೂತಿಯ ಮರಿಗಳು ಒಂದೊಂದೇ ಬಂದು ಮಡಿಲು ಹತ್ತಿದವು. ನಾನು ಸತ್ತ ಮೇಲೂ ಇವನು ಹೀಗೇ ಕರೀತಾ ತಿರುಗ್ತಾನೆ, ನಾನು ಹೀಗೇ ಒಳಗಿಂದ ಓಗೊಡ್ತೀನಿ, ಇವನಿಗೆ ತಿಳಿಯೋದಿಲ್ಲ ಅನ್ನಿಸಿತು. ಅಷ್ಟು ಸಂಕಟ ಅವಳಿಗೆ ಗಂಡ ಸತ್ತಾಗಲೂ ಆಗಿರಲಿಲ್ಲ.

ಮಾರನೆ ಬೆಳಿಗ್ಗೆ ಡಾಕ್ಟರಮ್ಮ ಬಂದರು. ಒಳಗಿನ ಅಳು ಕೇಳಿ ಗಾಬರಿಯಾದರು. "ತೆಗಿಯೋ ಬೀಗ!"

"ಬರ್ದದಲ್ಲ ಮೇಡಂ, ನಾಳೆ ಬಾ ಅಂತ. ನಾನೂ ಬೆಳಿಗ್ಗೆಯಿಂದ ಬಂದು ಬಂದು ಓದ್ಕೊಂಡು ಹೋಯ್ತಿದ್ದೀನಿ."

ಡಾಕ್ಟರಮ್ಮ ಜಾಣೆ. ಒದ್ದೆ ಬಟ್ಟೆ ತಗೊಂಡು "ನಾಳೆ"ಯನ್ನ ಒರೆಸಿದರು. "ಬಾ" ಮಾತ್ರ ಉಳೀತು. ಚೆಲುವ ಓದಿದ, ಬೀಗ ತೆಗೆದ.

ಹೇಗೋ ಒಳ್ಳೇದೇ ಆಯ್ತು. ರೋಗ ಬೇರೆ ಬೆಕ್ಕುಗಳಿಗೆ ಹಬ್ಬಿರಲಿಲ್ಲ. ಚಿಕ್ಕತಾಯಮ್ಮನ ತೋಳಿನ ಮೇಲೊಂದು ಕೆಂಪು ಉಂಗುರ ಎದ್ದಿತ್ತು, ಅದಕ್ಕೆ ಮುಲಾಮು ಕೊಟ್ಟು, "ಇವರನ್ನ ಕೆಲಸದಿಂದ ತೆಗೀಬೇಡಿ" ಅಂತ ಡಾಕ್ಟರಮ್ಮನೇ ಅಧ್ಯಕ್ಷರಿಗೆ ಫೋನ್ ಮಾಡಿದರು.

ಅವರು ಆಚೆ ಹೋಗಿದ್ದೇ ತಡ, ತಾಯಿ ಶುರು ಮಾಡಿದಳು. "ಆ ಹಾಳು 'ನಾಳೆ' ಎಲ್ಲಿ ಕಂಡ್ರೂ ಒರೆಸಿಹಾಕು! ಇನ್ಮೇಲೆ ಅವ್ವನ ದನಿ ಕೇಳಿದ್ರೆ ಏನೂ ಯೋಚ್ನೆ ಮಾಡ್ಬೇಡ, ಎದ್ದು ಬಾಗಿಲು ತೆಗಿ!"

"ಹೂಂ ಕಣವ್ವ!"

ದೀಪ ಹಚ್ಚೋ ಹೊತ್ತಿಗೆ ಚೆಲುವ ಒದ್ದೆ ಬಟ್ಟೆ ಹಿಡಿದು ಹಿತ್ತಿಲ ಕೋಣೆಗೆ ಬಂದ. ಚಿಲಕ ಹಾಕಿ ಕೂತ. ತಾಯಿ ಮುದ್ದೆ ಬಡಿಸಿದಳು.

"ಎಲ್ಲಿಗೋಗಿದ್ದೆ ಇಷ್ಟೊತ್ತು?"

"ನೀನೇ ಅಂದೆಯಲ್ಲವ್ವ. ಬೀದೀಲಿ 'ನಾಳೆ' ಎಲ್ಲಾ ಒರೆಸ್ದೆ. ಒಂದು ಮನೇನೂ ಬಿಟ್ಟಿಲ್ಲ. ನಮ್ಮ ಬಾಗಿಲದ್ದೂ ಒರೆಸ್ದೆ."

ಬಾಯಿಗಿಟ್ಟ ತುತ್ತು ಅವಳ ಗಂಟಲಲ್ಲೇ ನಿಂತಿತು. ಬೀದಿ ಉದ್ದಕ್ಕೂ ಬಾಗಿಲುಗಳೆಲ್ಲ ಈಗ "ಬಾ" ಅಂತಿದ್ದವು. ಅಷ್ಟು ಹೊತ್ತೂ ಅಳ್ತಿದ್ದ ಮರಿಗಳು ಒಂದೇ ಸಲಕ್ಕೆ ಸುಮ್ಮನಾದವು.

ಹೊರಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು.

"ಚೆಲುವಾ, ತೆಗಿ ಮಗಾ. ನಾನು ಕಣೋ."

ಚಿಕ್ಕತಾಯಮ್ಮನದೇ ದನಿ. ಒಳಗಿದ್ದ ಚಿಕ್ಕತಾಯಮ್ಮ ಮಗನ ಅಂಗಿ ಹಿಡಿದು ಎಳೆದಳು, ಬೇಡ ಅನ್ನೋಕೆ ಬಾಯಿ ತೆರೆದಳು. ತುತ್ತು ಸಿಕ್ಕಿಕೊಂಡ ಗಂಟಲಿನಿಂದ ದನಿಯೇ ಹೊರಡಲಿಲ್ಲ.

"ಬಂದೆ ಕಣವ್ವ!" ಅಂತ ಚೆಲುವ ಖುಷಿಯಿಂದ ಎದ್ದು ಹೋಗಿ ಚಿಲಕ ತೆಗೆದ.