ಹೆಣ್ಣು ನೋಡೋಕೆ ಹೋಗಿ ಹಕ್ಕಿ ನೋಡಿದ ಜವರಪ್ಪ

ಒಂದಾನೊಂದು ಕಾಲದಲ್ಲಿ, ಹೂಂಗುಟ್ಟಬೇಕು ಕಣೋ, ಇಲ್ದಿದ್ರೆ ಕತೆ ಅಲ್ಲೇ ನಿಂತುಬಿಡ್ತದೆ, ಒಂದೂರಲ್ಲಿ ಜವರಪ್ಪ ಅಂತ ಒಬ್ಬ ಇದ್ದನಂತೆ. ಒಳ್ಳೆ ಆಳು, ಗೇಯೋದ್ರಲ್ಲಿ ಗಟ್ಟಿಗ, ಆದ್ರೆ ಹಕ್ಕಿ ಹುಚ್ಚು. ನೇಗಿಲು ಹೂಡಿದ್ರೆ ಎತ್ತು ಒಂದು ಕಡೆ, ಇವನ ಕಣ್ಣು ಇನ್ನೊಂದು ಕಡೆ. ಉತ್ತ ಸಾಲು ಹಾವು ಹರಿದ ಹಾಗೆ ಇರೋದಂತೆ. ಯಾಕೋ ಹಿಂಗೆ ಅಂದ್ರೆ, ಅವ್ವ, ಬೆಳ್ಳಕ್ಕಿ ನೇಗಿಲ ಹಿಂದೇನೇ ನಡ್ಕೊಂಡು ಬರ್ತಿತ್ತು, ಏನು ಗತ್ತು ಅಂತೀಯ ಅನ್ನೋನಂತೆ. ಅವನವ್ವ ನಿಂಗಾಜಮ್ಮ ತಲೆ ಚಚ್ಚಿಕೊಳ್ಳೋಳು.

ಆಮೇಲೆ ಮದುವೆ ವಯಸ್ಸು ಬಂತು. ಸೋದರಮಾವ ದೊಡ್ಡೀರಯ್ಯ ಹೆಣ್ಣು ತೋರಿಸೋಕೆ ಕರ್ಕೊಂಡು ಹೋದ. ಮೊದಲ್ನೇ ಮನೇಲಿ ಹುಡುಗಿ ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಕ್ಕೆ ತಿರುಗೋದ್ರೊಳಗೆ ಹಿತ್ತಲಲ್ಲಿ ಟಕ್ ಟಕ್ ಟಕ್ ಅಂತು. ಮರಕುಟಿಗ! ತಟ್ಟೆ ಸಮೇತ ಎದ್ದು ಹೋದೋನು ಆಮೇಲೆ ಸಿಕ್ಕಿದ್ದು ಪಕ್ಕದ ಮನೆ ಹುಲ್ಲಿನ ಮೆದೆ ಮೇಲೆ. ಹುಡುಗಿ ಅಪ್ಪ ಕೆಳಗೆ ನಿಂತು, ಹೆಂಗಪ್ಪ, ಒಪ್ಪಿಗೆನಾ ಅಂತ ಕೇಳಿದ್ರೆ, ಇವನು ಮರದ ಕಡೆ ನೋಡ್ಕೊಂಡೇ, ಬೆನ್ನೆಲ್ಲ ಹೊಂಬಣ್ಣ, ಜುಟ್ಟು ಮಾತ್ರ ಕೆಂಡದಂಗೆ ಕೆಂಪು ಅಂದನಂತೆ. ನನ್ನ ಮಗಳ ಜುಟ್ಟಿನ ಸುದ್ದಿ ನಿನಗ್ಯಾಕೋ ಅಂತ ಅವನು ದೊಣ್ಣೆ ಎತ್ಕೊಂಡ. ಆ ಸಂಬಂಧ ಹೋಯ್ತು.

ಎರಡನೇ ಊರಿನ ದಾರೀಲಿ ಒಂದು ಕೆರೆ. ಕೆರೇಲಿ ಹೆಜ್ಜಾರ್ಲೆ ಹಿಂಡು, ಕೊಕ್ಕಿನ ಕೆಳಗೆ ಚೀಲ ನೇತಾಡಿಸ್ಕೊಂಡು ಸಂತೆಗೆ ಹೊರಟೋರ ಹಾಗೆ ತೇಲ್ತಾ ಇದ್ವಂತೆ. ಮಾವ, ಒಂದು ಗಳಿಗೆ, ನೋಡ್ಕೊಂಡು ಬಂದೆ ಅಂತ ಹೊಸ ಪಂಚೇಲೇ ಜೊಂಡಿನೊಳಗೆ ಇಳಿದೋನು ಹೊತ್ತು ಮುಳುಗಿದ ಮೇಲೆ ಎದ್ದು ಬಂದ, ಸೊಂಟದವರೆಗೂ ಕೆಸರು. ಹೆಣ್ಣಿನ ಮನೆ ತಲುಪಿದಾಗ ನಾಯಿ ಬೊಗಳ್ತು, ದೀಪ ಆರಿತ್ತು, ಒಳಗಿಂದ ಯಾರೋ, ಮುಂದಕ್ಕೆ ಹೋಗಪ್ಪ ಅಂದ್ರಂತೆ.

ನಗಬೇಡ ಕಣೋ. ನಿಂಗಾಜಮ್ಮ ಅತ್ತೇಬಿಟ್ಟಳು. ಈ ಸಲಾನೂ ಕೆಡಿಸ್ಕೊಂಡ್ರೆ ನಾನು ನನ್ನ ತಮ್ಮನ ಮನೆ ಸೇರ್ಕೋತೀನಿ, ನಿನಗೆ ಆ ಬೆಳ್ಳಕ್ಕಿನೇ ಮುದ್ದೆ ತೊಳಸಿ ಹಾಕ್ಲಿ ಅಂದಳು. ಅವ್ವ ಅಂದ್ರೆ ಜೀವ ಅವನಿಗೆ. ಇಲ್ಲವ್ವ, ನೀನು ಹೇಳೋವರೆಗೂ ತಲೆ ಎತ್ತಲ್ಲ ಅಂತ ಮಾತು ಕೊಟ್ಟ. ಅವಳಿಗೆ ನಂಬಿಕೆ ಬರಲಿಲ್ಲ, ರುಮಾಲನ್ನ ಕಣ್ಣು ಮುಚ್ಚೋ ಹಾಗೆ ಕೆಳಕ್ಕೆ ಸುತ್ತಿ, ತಾನೂ ಗಾಡಿ ಹತ್ತಿದಳು.

ಕಣ್ಣಿಗೇನೋ ರುಮಾಲು ಸುತ್ತಬಹುದು, ಕಿವಿಗೆ? ದಾರೀಲಿ ಕುಟ್ರು ಹಕ್ಕಿ ಕುಟ್ರು ಕುಟ್ರು ಅಂದ್ರೆ ಗಾಡಿ ಹಲಗೆ ಬಿಗಿಯಾಗಿ ಹಿಡ್ಕೊಂಡ. ಗಿಣಿ ಹಿಂಡು ಚೀರ್ಕೊಂಡು ಹೋದ್ರೆ ತುಟಿ ಕಚ್ಕೊಂಡ. ಪಾಪ, ಕಣ್ಣಲ್ಲಿ ನೀರು ಬಂತಂತೆ, ತಲೆ ಮಾತ್ರ ಎತ್ತಲಿಲ್ಲ.

ಆಮೇಲೆ ಮೂರನೇ ಹೆಣ್ಣಿನ ಮನೆ ಬಂತು. ಹುಡುಗಿ ಅಪ್ಪ ಕೈಮುಗಿದು, ಈ ಕಡೆ ಬನ್ನಿ ಅಂತ ಹಿತ್ತಲು ಸುತ್ತಿಸಿ, ಕೊಟ್ಟಿಗೆ ದಾಟಿಸಿ, ಹಿಂಬಾಗಿಲಿಂದ ಒಳಕ್ಕೆ ಕರ್ಕೊಂಡು ಹೋದ. ದೊಡ್ಡೀರಯ್ಯನ ಕಾಲಿಗೆಲ್ಲ ಸಗಣಿ. ಬೀಗರಾಗೋರನ್ನ ಹಿಂಬಾಗಿಲಲ್ಲಿ ನುಗ್ಗಿಸ್ತೀರಾ, ನಾವೇನು ಕಳ್ಳರಾ, ಈ ಸಂಬಂಧಾನೇ ಬೇಡ, ಏಳಕ್ಕ ಅಂತ ಹಾರಾಡಿದನಂತೆ. ನಿಂಗಾಜಮ್ಮನಿಗೆ ಅಳೋದೊಂದು ಬಾಕಿ. ಮಗ ನೆಟ್ಟಗೆ ಕೂತ ದಿನವೇ ಹಿಂಗಾಗಬೇಕಾ!

ಆಗ ಒಳಗಿಂದ ಹುಡುಗಿ ಬಂದಳು, ಸಾಕವ್ವ ಅಂತ ಅವಳ ಹೆಸರು. ಸಿಟ್ಟು ಮಾಡ್ಕೋಬೇಡಿ ಯಜಮಾನ್ರೇ, ಮುಂಬಾಗಿಲಲ್ಲಿ ಯುಗಾದಿಗೆ ಕಟ್ಟಿದ ತೋರಣದ ದಾರಕ್ಕೆ ಸೂರಕ್ಕಿ ಗೂಡು ಹೆಣೆದದೆ, ಒಳಗೆ ಮರಿ ಅವೆ, ನಮ್ಮಪ್ಪಾನೂ ಹಿತ್ತಲಿಂದಲೇ ಓಡಾಡೋದು. ಇದೇ ಸಿಟ್ಟಿಗೆ ಇಬ್ಬರು ಗಂಡು ಎದ್ದು ಹೋದ್ರು. ನೀವೂ ಹೋಗೋದಾದ್ರೆ ಹೋಗಿ, ಆದ್ರೆ ಹಿತ್ತಲಿಂದಲೇ ಹೋಗಿ ಅಂದಳಂತೆ.

ಸೂರಕ್ಕಿ ಗೊತ್ತಲ್ಲ, ಹೆಬ್ಬೆಟ್ಟಿನಷ್ಟು ಇದ್ಕೊಂಡು ಹೂವಿನ ಜೇನು ಕುಡೀತದಲ್ಲ, ಅದು. ಜವರಪ್ಪನ ಕಿವಿ ನೆಟ್ಟಗಾಯ್ತು. ಮಾತು ಕೊಟ್ಟವನೆ, ತಲೆ ಎತ್ತೋ ಹಾಗಿಲ್ಲ. ನೆಲ ನೋಡ್ಕೊಂಡೇ, ಅವ್ವಾ... ಅಂದ, ಅಷ್ಟೇ. ಆ ದನಿ ಕೇಳಿ ತಾಯಿ ಕರುಳು ತಡೀತದಾ? ಅವಳೇ ರುಮಾಲು ಮೇಲಕ್ಕೆ ತಳ್ಳಿ, ನೋಡ್ಕೊಳ್ಳಪ್ಪ ಅಂದಳು. ಅವನು ಗೂಡು ನೋಡಿದ. ಆಮೇಲೆ, ಅದನ್ನೇ ಬಾಯಿ ಬಿಟ್ಕೊಂಡು ನೋಡ್ತಿದ್ದ ಹುಡುಗೀನ ನೋಡಿದ. ಹುಟ್ಟಿದಾಗಿಂದ ಮೊದಲ್ನೇ ಸಲ ಅವನ ಕಣ್ಣು ಹಕ್ಕಿ ಬಿಟ್ಟು ಬೇರೆ ಕಡೆ ನಿಂತಿತಂತೆ.

ಐನೋರು ಪಂಚಾಂಗ ತೆಗೆದ್ರೆ ಸಾಕವ್ವ ಗೂಡು ನೋಡಿ, ಇನ್ನೂ ರೆಕ್ಕೆ ಬಲಿತಿಲ್ಲ ಅಂದಳು. ಮರಿ ಹಾರಿದ ಮೇಲೇ ಲಗ್ನ, ಮುಂಬಾಗಿಲಲ್ಲೇ ದಿಬ್ಬಣ, ದೊಡ್ಡೀರಯ್ಯನೇ ಎಲ್ಲರಿಗಿಂತ ಮುಂದೆ. ಆಮೇಲೆ ಇಬ್ಬರೂ ಅವಳ ತೌರಿಗೆ ಗಾಡಿ ಹೊಡ್ಕೊಂಡು ಹೊರಟ್ರೆ ಅರ್ಧ ದಿನದ ದಾರಿಗೆ ಎರಡು ದಿನ ಹಿಡಿಯೋದು. ಹಕ್ಕಿ ಕೂಗಿದ್ರೆ ಸಾಕು, ಎತ್ತುಗಳು ತಾವಾಗೇ ನಿಂತುಬಿಡೋವಂತೆ.

ನಿಂಗಾಜಮ್ಮ ಇಬ್ಬರನ್ನೂ ಬೈಕೊಂಡೇ ಮುದ್ದೆ ತೊಳಸ್ತಿದ್ದಳು. ಒಂದಿನ ಬೆಳಿಗ್ಗೆ ಹಿತ್ತಲಿಂದ, ಏ ಬನ್ರೋ ಬೇಗ, ಗೋಡೆ ಮೇಲೆ ಯಾವನೋ ಕಿರೀಟ ಇಟ್ಕೊಂಡು ಕೂತವನೆ, ಸದ್ದು ಮಾಡಬೇಡ್ರೋ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದಳಂತೆ. ಮೂವರೂ ನಿಂತು ಆ ಜುಟ್ಟಿನ ಹಕ್ಕೀನ ನೋಡಿದ್ರು. ಒಲೆ ಮೇಲೆ ಮುದ್ದೆ ಸೀದುಹೋಯ್ತು. ಸೀದ ಮುದ್ದೆನೇ ಉಂಡ್ರು, ನಗ್ತಾ ಉಂಡ್ರು.

ಎಲ್ಲೋ ಹೂಂ? ನಿದ್ದೆ ಹೋದೆಯಾ... ಸರಿ, ಹಕ್ಕಿ ಗೂಡಿಗೆ, ಕೂಸು ಕೌದಿಗೆ, ನಮ್ಮ ಕತೆ ಮುಗೀತು.