ಮೌನೇಶನ ಮೂರು ಬಾಂಬು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ಅರ್ಧ ಮೀಸೆ ಬೋಳಿಸಿ. ನಡೆದದ್ದು ನಡೆದ ಹಾಗೆಯೇ ಇದೆ.

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿಯ ಗುರು ಅಡವಿಸ್ವಾಮಿಗಳು. ಎಲ್ಲರ ಬಾಯಲ್ಲಿ ಅಜ್ಜಾರು. ದೀಕ್ಷೆ ಬೇಡಿ ಬಂದವನಿಗೆ ಅವರು ಮೊದಲು ಒಂದು ಕೆಲಸ ಹೇಳುತ್ತಿದ್ದರು. ಒಬ್ಬನಿಗೆ ಕಟ್ಟಿಗೆ ಸೀಳುವುದು, ಇನ್ನೊಬ್ಬನಿಗೆ ಊರೂರು ಭಿಕ್ಷೆ.

ಮೌನೇಶನಿಗೆ ಸಿಕ್ಕದ್ದು ವಿಡಿಯೋ ಗೇಮು.

ಅಂಗಡಿ ಮುಚ್ಚಿದ ಭಕ್ತರೊಬ್ಬರು ಆ ಯಂತ್ರವನ್ನು ಆಶ್ರಮಕ್ಕೆ ಕಾಣಿಕೆ ಕೊಟ್ಟಿದ್ದರು. ಕಪಾಟಿನಷ್ಟು ಎತ್ತರ. ಪರದೆಯಲ್ಲಿ ಹದ್ದಿನ ಕಣ್ಣಿಗೆ ಕಂಡಂತೆ ಕೆಳಗೆ ಭೂಮಿ, ನಡುವೆ ಒಂದು ವಿಮಾನ, ಸುತ್ತಲಿಂದ ಅಕ್ಷತೆ ಎರಚಿದ ಹಾಗೆ ಗುಂಡು! ನೋಡಿದರೆ ಯಮನೂ ಕೋಣ ತಿರುಗಿಸಿಕೊಂಡು ಹೋದಾನು.

"ಈ ಯಂತ್ರದ ಮುಂದ ನಿನ್ನ ಕೆಲಸ ಮುಗಿದ ದಿನ ದೀಕ್ಷೆ," ಅಂದಿದ್ದರು ಅಜ್ಜಾರು.

ದೀಕ್ಷೆಯ ಮುಹೂರ್ತ ವರ್ಷಕ್ಕೆ ಒಂದೇ. ಅದು ಇವತ್ತು, ಮಧ್ಯಾಹ್ನ ಮೂರಕ್ಕೆ. ಬೆಳಗಿನಿಂದ ಮೌನೇಶ ನಲವತ್ತು ಸಲ ಸತ್ತಿದ್ದ.

"ಅಜ್ಜಾರ, ಎಲ್ಲಿ ನೋಡಿದ್ರೂ ಗುಂಡ ರೀ! ಕಣ್ಣು ಎಲ್ಲಿ ಇಡ್ಲಿ?"

"ಗುಂಡು ಇಲ್ಲದ ಕಡೆ ಇಡು."

ಇಟ್ಟ. ಅರೆ, ಸಂದು ಕಂಡಿತು! ವಿಮಾನ ಅಂಗೈಯಗಲ ಇದ್ದರೂ ಅದರ ಪ್ರಾಣ ಇದ್ದದ್ದು ನಡುವಿನ ಎಳ್ಳಿನಷ್ಟು ಚುಕ್ಕೆಯಲ್ಲಿ. ರೆಕ್ಕೆಗೆ ಗುಂಡು ಸವರಿ ಹೋದರೂ ಏನೂ ಆಗದು. ಹಾಗೆ ನುಸುಳಿದಾಗಲೆಲ್ಲ ಅವನ ಮೈ ಜುಮ್ಮೆನ್ನುತ್ತಿತ್ತು. ಆಟದ ನಾಲ್ಕನೇ ಘಟ್ಟ ದಾಟಿದ. ಐದನೇದರಲ್ಲಿ, ಢಮಾರ್.

"ಸತ್ತಿ?"

"ಸತ್ತೆನ್ರಿ."

"ಬಾಂಬು ಎಷ್ಟು ಉಳದಾವ?"

ಯಂತ್ರಕ್ಕೊಂದು ಕೆಂಪು ಬಟನ್ ಇತ್ತು. ಒತ್ತಿದರೆ ಬಾಂಬು ಸಿಡಿದು ಪರದೆಯ ಮೇಲಿನ ಗುಂಡೆಲ್ಲ ಮಾಯ. ಒಂದು ಆಟಕ್ಕೆ ಮೂರೇ ಬಾಂಬು.

"ಮೂರೂ ಅದಾವ್ರಿ," ಅಂದ ಮೌನೇಶ, ಸ್ವಲ್ಪ ಹೆಮ್ಮೆಯಿಂದಲೇ. "ಎಂಟನೇ ಘಟ್ಟಕ್ಕ ದೊಡ್ಡ ವೈರಿ ಬರ್ತಾನಂತ. ಅವಂಗಂತ ಇಟ್ಟೇನಿ."

"ಅವನ ಮಾರಿ ನೋಡೀಯೇನು?"

"ಇನ್ನೂ ಇಲ್ರಿ."

"ಏಳು, ಊಟ ಮಾಡೋಣ."

ಪಂಕ್ತಿಯಲ್ಲಿ ಅಜ್ಜಾರು ಅವನ ಪಕ್ಕವೇ ಕೂತರು. ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ. ಮೌನೇಶ ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿಟ್ಟು ರೊಟ್ಟಿ, ಪಲ್ಯ, ಅನ್ನ, ಸಾರು ಅಂತ ಒಂದೊಂದಾಗಿ ಮುಗಿಸತೊಡಗಿದ.

ಪಕ್ಕದಿಂದ ಒಂದು ಕೈ ಬಂತು. ಹೋಳಿಗೆ ಹೋಯಿತು.

"ಅಜ್ಜಾರ! ಅದನ್ನ ಕೊನೀಗೆ ತಿನ್ನಾಕ ಇಟ್ಟಿದ್ದೆನ್ರಿ!"

ಅಜ್ಜಾರು ಕಣ್ಣು ಮುಚ್ಚಿ ಅಗಿಯುತ್ತಿದ್ದರು. "ಹೌದೇನು? ತುಪ್ಪ ಭಾಳ ಚಲೋ ಇತ್ತು ನೋಡು."

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೌನೇಶ ಎಲೆಯ ಖಾಲಿ ತುದಿಯನ್ನೇ ನೋಡುತ್ತ ಕೂತ. ಆಮೇಲೆ ಎದ್ದವನು ಕೈ ತೊಳೆದನೋ ಇಲ್ಲವೋ, ಯಂತ್ರದ ಕಡೆ ಓಡಿದ.

ಮೂರನೇ ಘಟ್ಟದಲ್ಲಿ ಗುಂಡು ಮುತ್ತಿತು. ಒತ್ತಿದ. ಢಂ! ಪರದೆ ತೊಳೆದಿಟ್ಟ ಅಂಗಳದಂತಾಯಿತು. ಮೌನೇಶ ನಿಂತಲ್ಲೇ ಕುಣಿದ. ಐದನೇದರಲ್ಲಿ ಎರಡನೇ ಬಾಂಬು. ಏಳನೇದರಲ್ಲಿ ಮೂರನೇದು.

ಎಂಟನೇ ಘಟ್ಟಕ್ಕೆ ಬರಿಗೈ. ಎದುರಿಗೆ ದೊಡ್ಡ ವೈರಿ, ಸಾವಿರ ಬಾಯಿಯಿಂದ ಗುಂಡು ಉಗುಳುತ್ತಿದ್ದಾನೆ.

"ಬಾರಲೇ ಮಗನ!"

ಎಳ್ಳಿನಷ್ಟು ಜಾಗ ಕಂಡಲ್ಲೆಲ್ಲ ಮೌನೇಶ ನುಸುಳಿದ. ಎಲೆ ಎತ್ತುತ್ತಿದ್ದವರು ಬಂದು ಕಿಟಕಿಗೆ ಜೋತುಬಿದ್ದರು. ನದಿಯ ಕೊಕ್ಕರೆಗಳು ಮೀನು ಬಿಟ್ಟು ಕೇಕೆ ಹಾಕಿದವು. ಇನ್ನೊಂದು ಏಟು ಬಿದ್ದರೆ ವೈರಿ ಸತ್ತ!

ಢಮಾರ್. ಚೂರಾದದ್ದು ವಿಮಾನ.

ಕೊಕ್ಕರೆಗಳು ಕೇಕೆ ಹಾಕಿದ್ದು ಮಾತ್ರ ಕಟ್ಟಿದ್ದು, ಒಪ್ಪಿಕೊಳ್ಳಲೇಬೇಕು. ಅವು ಮೀನು ಬಿಟ್ಟು ಸುಮ್ಮನೆ ನಿಂತು ನೋಡಿದವು, ಅಷ್ಟೆ.

ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಬಾಕಿ. ಬೆವರು ಒರೆಸುತ್ತ ಮೌನೇಶ ಹಿಂದೆ ಬಂದು ನಿಂತಿದ್ದ ಅಜ್ಜಾರ ಕಡೆ ತಿರುಗಿದ. ಅಳಬೇಕಾದವನಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಸತ್ತೆನ್ರಿ, ಅಜ್ಜಾರ!"

"ಬಾಂಬು ಎಷ್ಟು ಉಳದಾವ?"

"ಒಂದೂ ಇಲ್ರಿ."

"ಹಂಗಾರ ಲಗೂ ಜಳಕಾ ಮಾಡಿ ಬಾ. ಮುಹೂರ್ತ ಮೀರಾಕ ಹತ್ತೈತಿ."