ದಾಕ್ಷಾಯಿಣಿ ಮಾಡಿದ ಜಪಾನಿ ನೂಡಲ್ಸು

ಶಿಂಷಾ ನದಿಯ ದಂಡೆಯಲ್ಲಿ ಚನ್ನಮಲ್ಲ ಸ್ವಾಮಿಗಳ ಪುಟ್ಟ ಮಠ. ಒಮ್ಮೆ ಅವರಿಗೆ ಜ್ವರ ಬಂತು. ಜ್ವರ ಇಳಿದ ಮೇಲೂ ಊಟ ಸೇರಲಿಲ್ಲ. ಗಂಜಿ ಕೊಟ್ಟರೂ ಒಂದೆರಡು ಗುಟುಕಿಗೇ ಬಟ್ಟಲು ಸರಿಸಿಬಿಡುತ್ತಿದ್ದರು. ದಿನದಿಂದ ದಿನಕ್ಕೆ ಸೊರಗಿದರು.

ಶಿಷ್ಯೆ ದಾಕ್ಷಾಯಿಣಿ ಹೆದರಿದಳು. ಹೊಳೆಯಾಚೆಯ ತನ್ನ ಮನೆಗೆ ಅವರನ್ನು ಕರೆತಂದಳು.

ಸ್ವಾಮಿಗಳು ಹರೆಯದಲ್ಲಿ ಜಪಾನಿನ ಒಂದು ಮಠದಲ್ಲಿ ಕೆಲಕಾಲ ಇದ್ದವರು. ಅಲ್ಲಿ ನೂಡಲ್ಸನ್ನು ತರಕಾರಿಯೊಂದಿಗೆ ಹುರಿದು ಬಡಿಸುತ್ತಿದ್ದರೆಂದು ಹಿಂದೊಮ್ಮೆ ಹೇಳಿದ್ದರು. ಅದು ನೆನಪಾಗಿ ದಾಕ್ಷಾಯಿಣಿ ಪೇಟೆಯಿಂದ ನೂಡಲ್ಸು, ಸೋಯಾ ಸಾಸು ತಂದಳು. ಮಾಡುವ ಬಗೆಯನ್ನು ಫೋನಿನಲ್ಲಿ ನೋಡಿಕೊಂಡಳು.

ಸ್ವಾಮಿಗಳು ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಸಿಕೊಂಡು ಕೂತರು.

ಅವಳು ನೂಡಲ್ಸು ಬೇಯಿಸಿ ಬಸಿದಳು. ಬಾಣಲೆಗೆ ಎಣ್ಣೆ ಬಿಟ್ಟು ಶುಂಠಿ, ಉದ್ದುದ್ದ ಹೆಚ್ಚಿದ ಎಲೆಕೋಸು, ಕ್ಯಾರೆಟ್ಟು ಹಾಕಿದಳು. ಸೌಟು ಆಡಿಸುತ್ತಿದ್ದಂತೆ ಕಣ್ಣು ತುಂಬಿ ಬಂತು.

“ಬುದ್ಧಿ, ನಾಳೆ ನೀವೇ ಇಲ್ಲದೆ ಹೋದರೆ ನಾನು ಯಾರನ್ನು ಕೇಳಲಿ?”

“ಉರಿ ಜೋರು ಮಾಡು. ಕೋಸು ನೀರು ಬಿಡ್ತಾ ಇದೆ.”

ಅವಳು ಉರಿ ಏರಿಸಿದಳು.

“ನಾನು ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ, ಬುದ್ಧಿ.”

“ಈಗ ನೂಡಲ್ಸು ಹಾಕು. ತಡ ಮಾಡಿದರೆ ಅಂಟಿಕೊಳ್ಳುತ್ತೆ.”

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಾಕಿದಳು. ಮೇಲೆ ಸಾಸು ಸುರಿದಳು. ಬಾಣಲೆ ಚುಂಯ್ ಎಂದಿತು. ಒಂದೆಳೆ ಬಾಯಿಗಿಟ್ಟು ನೋಡಿದವಳ ಮುಖ ಸಣ್ಣಗಾಯಿತು.

“ಸರಿಯಾಗಿ ಬಂದಿಲ್ಲ. ಫೋನಿನಲ್ಲಿ ತೋರಿಸಿದವರು ಇನ್ನೂ ಏನೋ ಹಾಕಿದ್ದರು, ಅದು ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ತಡೀರಿ, ಇನ್ನೊಂದು ಸಲ ಮಾಡ್ತೀನಿ.”

“ಬಿಸಿ ಇರುವಾಗಲೇ ಕೊಡು, ಮಗಳೆ.”

ತಟ್ಟೆ ಮುಂದಿಟ್ಟಳು. ಸ್ವಾಮಿಗಳು ಬೆರಳಿನಿಂದಲೇ ಎತ್ತಿ ನಿಧಾನವಾಗಿ ತಿಂದರು. ಒಂದೆಳೆ ಗಡ್ಡಕ್ಕೆ ಸಿಕ್ಕಿಕೊಂಡಿತು. ಅದನ್ನೂ ಬಿಡಲಿಲ್ಲ.

“ಇನ್ನೂ ಇದೆಯೇನವ್ವ?”

ದಾಕ್ಷಾಯಿಣಿ ಬಾಣಲೆಯಲ್ಲಿದ್ದುದನ್ನೆಲ್ಲ ಬಡಿಸಿದಳು. ಅದೂ ಖಾಲಿಯಾದ ಮೇಲೆ ಮೆಲ್ಲಗೆ ಕೇಳಿದಳು.

“ಅಲ್ಲಿನ ರುಚಿ ಬಂದಿತ್ತಾ, ಬುದ್ಧಿ?”

“ಅಲ್ಲಿನ ರುಚಿ ನನಗೆ ಗೊತ್ತಿಲ್ಲ.”

“ಅಯ್ಯೋ, ಅಷ್ಟು ಸಲ ತಿಂದಿದ್ದೀರಲ್ಲ!”

ತಟ್ಟೆಯ ಅಂಚಿನಲ್ಲಿ ಉಳಿದಿದ್ದ ಕೋಸಿನ ಚೂರನ್ನು ಸ್ವಾಮಿಗಳು ಬಾಯಿಗಿಟ್ಟುಕೊಂಡರು.

“ತಿಂದಿದ್ದೆ. ಅಲ್ಲಿ ತಟ್ಟೆ ಮುಂದೆ ಕೂತಾಗಲೆಲ್ಲ ನಮ್ಮವ್ವ ಕಟ್ಟುತ್ತಿದ್ದ ಮುದ್ದೆ ನೆನೆಸಿಕೊಂಡೇ ನುಂಗುತ್ತಿದ್ದೆ. ಇದರ ರುಚಿ ನೋಡಿದ್ದು ಇವತ್ತೇ.”